ಜೀಪು ಬಾರದ ದಿನದ ಅಳತೆ

ಹಳ್ಳಿಯವರ ರಕ್ತದೊತ್ತಡ ಎಷ್ಟಿರುತ್ತದೆಂದು ಅಧ್ಯಯನ ಮಾಡಲು ಡಾಕ್ಟರ್ ಗೋವಿಂದಯ್ಯ ಸರ್ಕಾರಿ ಜೀಪಿನಲ್ಲಿ ಯಲ್ಲದಕೆರೆಗೆ ಬಂದದ್ದು 1976ರ ಡಿಸೆಂಬರಿನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ. ಹೊಳಲ್ಕೆರೆ ಕಡೆಯ ರೈತನ ಮಗ, ಇನ್ನೂ ಎಳೆಯ ವಯಸ್ಸು. ಅವರಿಗೆ ನೆರವಾಗಿ ನಿಂತವಳು ಆ ಊರಲ್ಲಿ ಒಂಬತ್ತು ವರ್ಷದಿಂದ ನರ್ಸಾಗಿದ್ದ ಗಂಗಕ್ಕ.

ಶಾಲೆಯ ಜಗಲಿಯಲ್ಲಿ ನಲವತ್ತಾರು ಗಂಡಸರ ತೋಳಿಗೆ ಪಟ್ಟಿ ಸುತ್ತಿ, ಪಾದರಸ ಏರಿಸಿ ಇಳಿಸಿ, ಸ್ಟೆತಸ್ಕೋಪಿನಲ್ಲಿ ನಾಡಿಯ ಸದ್ದು ಕೇಳಿ ನೋಡಿದ್ದಾಯಿತು. ಮೂವತ್ತೊಂದು ಜನರಿಗೆ ಒತ್ತಡ ಹೆಚ್ಚು!

"ಈ ಊರಿನ ನೀರಲ್ಲೇ ಉಪ್ಪು ಜಾಸ್ತಿ ಇರಬೇಕು ಗಂಗಕ್ಕ," ಎಂದು ಡಾಕ್ಟರು ಹೊಸದೇನೋ ಕಂಡುಹಿಡಿದಂತೆ ಹಿಗ್ಗಿದರು.

ಗಂಗಕ್ಕನಿಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಅದೇ ವಾರ ಕೆಂಚಣ್ಣನ ಮನೆಗೆ ಬಾಣಂತಿಯನ್ನು ನೋಡಲು ಹೋದಾಗ, ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅವನ ತೋಳಿಗೂ ಪಟ್ಟಿ ಸುತ್ತಿದಳು. ಶಾಲೆಯಲ್ಲಿ ನೂರಾ ಎಪ್ಪತ್ತಿದ್ದದ್ದು ಈಗ ನೂರಾ ಇಪ್ಪತ್ತೆಂಟು. ಮರುದಿನ ಇನ್ನಿಬ್ಬರನ್ನು ನೋಡಿದಳು. ಅವರದೂ ಹಾಗೆಯೇ.

ಮೂವರ ಅಳತೆ ಬರೆದ ಚೀಟಿಯನ್ನು ಡಾಕ್ಟರ ಮುಂದೆ ಇಟ್ಟಳು. ಅವರ ಮುಖ ಕೆಂಪಾಯಿತು.

"ಹಾಗಾದ್ರೆ ನನ್ನ ಕಿವೀನೇ ಕೆಟ್ಟಿದೆ ಅಂತೀರಾ?"

"ನಿಮ್ಮ ಕಿವಿ ಚೆನ್ನಾಗೈತೆ ಸಾರ್. ತೊಂದ್ರೆ ಇರೋದು ನಿಮ್ ಜೀಪಲ್ಲಿ," ಎಂದಳು ಗಂಗಕ್ಕ. "ಹೋದ ತಿಂಗ್ಳು ಇಂಥದ್ದೇ ಜೀಪು ಬಂದು, ಸಂತೆಗೆ ಹೋಗಿದ್ದ ನಾಕು ಜನಾನ ಮಕ್ಕಳಾಗದಂಗೆ ಮಾಡೋ ಆಪರೇಷನ್‌ಗೆ ಬಲವಂತವಾಗಿ ಹಿಡ್ಕಂಡು ಹೋತು. ನೀವು ತೋಳಿಗೆ ಪಟ್ಟಿ ಕಟ್ಟಿದ್ರೆ, ನಮ್ ಸರದೀನೂ ಬಂತು ಅಂತ ಇವರ ಎದೆ ಹಾರ್ತೈತೆ. ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ."

ಡಾಕ್ಟರು ಚೀಟಿಯನ್ನು ಮತ್ತೊಮ್ಮೆ ಓದಿದರು. ವರದಿಯ ಮೊದಲ ಪುಟವನ್ನು ಆಗಲೇ ಬರೆದಿದ್ದರು. ಹೇಳಿ ತಪ್ಪು ಮಾಡಿದೆನೋ ಎಂದು ಗಂಗಕ್ಕನಿಗೆ ಅಳುಕಾಯಿತು.

ಮುಂದಿನ ಸೋಮವಾರ ಹಿರಿಯೂರಿನ ಬಸ್ಸಿನಿಂದ ಗೋವಿಂದಯ್ಯ ಒಬ್ಬರೇ ಇಳಿದರು. ಬಿಳಿ ಕೋಟಿರಲಿಲ್ಲ. ಕೆಂಚಣ್ಣನ ಮನೆಯಲ್ಲಿ ಕುಳಿತು ತಾವೂ ಕಡಲೆಕಾಯಿ ಸುಲಿಯುತ್ತಾ, ಈ ವರ್ಷದ ಬೆಳೆ ಹೇಗೆಂದು ಕೇಳಿದರು.

"ನೀವು ಯಾರನ್ನೂ ಹಿಡ್ಕಂಡು ಹೋಗಾಕೆ ಬಂದಿಲ್ವಾ ಹಂಗಾದ್ರೆ?" ಕೆಂಚಣ್ಣ ನೇರವಾಗಿಯೇ ಕೇಳಿದ.

"ಇಲ್ಲ ಕಣಪ್ಪ. ನಿಮ್ಮ ರಕ್ತದ ಒತ್ತಡ ಅಳೆದು ಬರಕೊಂಡು ಹೋಗ್ತೀನಿ, ಅಷ್ಟೇ."

ಕೆಂಚಣ್ಣ ನಕ್ಕು ತೋಳು ಚಾಚಿದ. ಮೂರು ದಿನ ಮನೆಮನೆ ತಿರುಗಿ, ಪ್ರತಿಯೊಬ್ಬರನ್ನೂ ಅರ್ಧ ಗಂಟೆ ಮಾತಾಡಿಸಿದ ಮೇಲೆ ಅಳೆದರು. ಮೂವತ್ತೊಂದರಲ್ಲಿ ಒತ್ತಡ ಹೆಚ್ಚೇ ಉಳಿದದ್ದು ಒಂಬತ್ತು ಜನರಿಗೆ. ಡಾಕ್ಟರು ತಾವು ಬರೆದಿದ್ದ ಪುಟವನ್ನು ಹರಿದು ಹಾಕಿದರು.

ಆ ಒಂಬತ್ತರಲ್ಲಿ ಮಾರಪ್ಪನೂ ಒಬ್ಬ. ಎಪ್ಪತ್ತರ ಮುದುಕ, ಯಾವ ಜೀಪಿಗೂ ಹೆದರುವವನಲ್ಲ. ಎಷ್ಟು ಸಲ ನೋಡಿದರೂ ಇನ್ನೂರರ ಹತ್ತಿರ. ಡಾಕ್ಟರು ಅವನಿಗೆ ಮಾತ್ರೆ ಕೊಡಲು ಹೋದರು.

"ನಂಗೇನಾಗೈತೆ? ದಿನಾ ಹೊಲಕ್ಕೆ ಹೋಗಿ ಬರ್ತೀನಿ. ಗುಳಿಗೆ ಗಿಳಿಗೆ ಬ್ಯಾಡ," ಎಂದು ಅವನು ಎದ್ದೇ ಬಿಟ್ಟ.

"ಕುಂತ್ಕಳ್ರಿ ಮಾರಪ್ಪ," ಎಂದಳು ಗಂಗಕ್ಕ. "ಉಳಿದೋರ್ದು ಹೆದರಿಕೆಗೆ ಏರಿತ್ತು, ಹೆದರಿಕೆ ಹೋದ್ಮೇಲೆ ಇಳೀತು. ನಿಮ್ದು ಸುಮ್ನೆ ಕುಂತಾಗ್ಲೂ ಇಳೀವಲ್ದು. ನೋವಿಲ್ಲ ಅಂತ ಬಿಟ್ರೆ ಒಂದಿನ ಲಕ್ವ ಹೊಡ್ದು ಕೈಕಾಲು ಬಿದ್ದೋಗ್ತಾವೆ."

ಮಾರಪ್ಪ ಡಾಕ್ಟರನ್ನು ನೋಡಿದ, ಆಮೇಲೆ ಅವಳನ್ನು.

"ನೀನೇ ಬಂದು ಕೊಡ್ತೀಯೇನವ್ವ?"

"ವಾರಕ್ಕೊಂದ್ಸಲ ಬಂದು ನೋಡ್ತೀನಿ."

ಅವನು ಅಂಗೈ ಒಡ್ಡಿದ. ಗಂಗಕ್ಕ ಮಾತ್ರೆಯಿಟ್ಟು, ಸೊಸೆಯನ್ನು ಕೂಗಿ ನೀರು ತರಲು ಹೇಳಿದಳು.