ಮಾಳಿಗೆಗೆ ಹೋದ ಜಿಡ್ಡು ಮಣ್ಣು

ಬನಹಟ್ಟಿಯ ಹೊರಗಿನ ಹಳೆಯ ಇಂಜಿನ್ ಮನೆಗೆ ಎಣ್ಣೆ ಒಯ್ಯುತ್ತಿದ್ದ ಪೈಪು ಎಷ್ಟೋ ವರ್ಷ ನೆಲದೊಳಗೇ ಸೋರಿತ್ತು. ಕರೆಂಟು ಬಂದ ಮೇಲೆ ಇಂಜಿನ್ ನಿಂತಿತು, ಪೈಪನ್ನು ಗುಜರಿಯವರು ಕಿತ್ತೊಯ್ದರು. ಎಣ್ಣೆ ಅಲ್ಲೇ ಉಳಿಯಿತು. ಅರವತ್ತೆಂಟರ ಬೇಸಿಗೆಯಲ್ಲಿ ಅದೇ ಜಾಡಿನಲ್ಲಿ ಗಟಾರ ಕಟ್ಟಲು ಅಗೆದಾಗ ಮೊಳ ಆಳಕ್ಕೇ ಜಿಡ್ಡು ಮಣ್ಣು ಬಂತು.

"ಇದರಾಗಿಂದು ಒಂದು ಬುಟ್ಟಿನೂ ಊರಾಗ ಹೋಗಬಾರದು. ಬೆಂಕಿ ಹತ್ತತೈತಿ. ಹಳೇ ಕಲ್ಲಿನ ಖಣಿಗೆ ಒಯ್ದು ಹಾಕಿ, ಮ್ಯಾಲ ಛಲೋ ಮಣ್ಣ ಮುಚ್ಚಸ್ರಿ," ಎಂದು ಇಂಜಿನಿಯರು ಕೂಲಿಗಳ ಮುಕಾದಮ ರೇವಪ್ಪನಿಗೆ ಹೇಳಿ ಜೀಪು ಹತ್ತಿದರು.

ಮಣ್ಣಿಗೆಲ್ಲಿ ಬೆಂಕಿ ಹತ್ತುತ್ತದೆ ಎಂದು ರೇವಪ್ಪ ಒಳಗೊಳಗೇ ನಕ್ಕ. ಖಣಿ ಎರಡು ಮೈಲಿ ದೂರ. ಮಳೆಗೆ ಮುಂಚೆ ಮನೆಗಳ ಮಣ್ಣಿನ ಮಾಳಿಗೆಗಳಿಗೆ ಹೊಸ ಮಣ್ಣು ಹಾಕುವ ದಿನಗಳು ಬೇರೆ. ಎಣ್ಣೆ ಕುಡಿದ ಮಣ್ಣು ಸೋರುವುದಿಲ್ಲ, ತೊಲೆಗೆ ಗೆದ್ದಲು ಹತ್ತುವುದಿಲ್ಲ ಎಂದು ಅವನೇ ಓಣಿಯಲ್ಲಿ ಸಾರಿದ. ಕೇಳಿದವರ ಮನೆಗೆಲ್ಲ ಗಾಡಿ ಕಳಿಸಿದ. ಹದಿನಾಲ್ಕು ಮನೆಯವರು ಹೊಗಳಿದ್ದೇ ಹೊಗಳಿದ್ದು. ಹೊಗಳಿಸಿಕೊಳ್ಳುವುದೆಂದರೆ ಈ ಮನುಷ್ಯನಿಗೆ ಮೊದಲಿನಿಂದಲೂ ಊಟಕ್ಕಿಂತ ಹೆಚ್ಚು. ಮಗಳು ಅನಸವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹಾಗಾಗಿ ತನ್ನ ಮಾಳಿಗೆಗೆ ಒಂದು ಗೇಣು ಹೆಚ್ಚೇ ಹಾಕಿಸಿದ.

ಅನಸವ್ವ ಹೆತ್ತಳು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಅವಳು ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟಿದ್ದರು. ಹನ್ನೆರಡನೆಯ ದಿನ ಮಧ್ಯಾಹ್ನ ಮೊಮ್ಮಗನ ಮುಖ ನೋಡಲು ಹೋದ ರೇವಪ್ಪನ ಎದುರಿಗೇ ಬಿಸಿಲಿಗೆ ಕಾದ ಮಾಳಿಗೆಯಿಂದ ಎಣ್ಣೆಯ ಒಂದು ಕಪ್ಪು ಹನಿ ಕೆಂಡಕ್ಕೆ ಬಿತ್ತು. ಉರಿ ಭಗ್ಗೆಂದು ಹೊರಸಿನ ಹಗ್ಗ ನೆಕ್ಕಿತು. ಬೂದಿ ಸುರಿದು ಆರಿಸಿ ತಲೆ ಎತ್ತಿದರೆ ಜಂತಿಗಳ ಸಂದಿಯಲ್ಲಿ ಹನಿಗಳು ಸಾಲಾಗಿ ನಿಂತಿದ್ದವು.

ಅಂದೇ ಆಳು ಹಚ್ಚಿ ಮಣ್ಣು ತೆಗೆಸಿದ. ಅದೇ ಮಣ್ಣು ಹಾಕಿಸಿಕೊಂಡಿದ್ದ ಪಕ್ಕದ ಮನೆಯ ನೇಕಾರ ಜಕ್ಕಪ್ಪ ನೋಡುತ್ತ ನಿಂತ.

"ಯಾಕ ಕಾಕಾ, ಹಾಕಿಸಿ ಎರಡ ತಿಂಗಳಾಗಿಲ್ಲ, ತಗಸಾಕತ್ತೀರಿ?"

ನಿಜ ರೇವಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಓಣಿಯವರು ಬಿಡುವುದಿಲ್ಲ, ಇಂಜಿನಿಯರು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ.

"ವಾಸನಿ ಬಾಣಂತಿಗೆ ಆಗವಲ್ದು," ಎಂದ.

"ನಮ್ಮ ಮಗಳು ಶಿವವ್ವಗೂ ದಿನಾ ತುಂಬ್ಯಾವ. ನಮ್ಮನ್ಯಾಗೇನು ಅಷ್ಟ ವಾಸನಿ ಇಲ್ರಿ," ಎಂದು ಜಕ್ಕಪ್ಪ ಒಳಗೆ ಹೋದ.

ನಾಲ್ಕು ದಿನ ಬಿಟ್ಟು ಹೇಳಿದರಾಯಿತು ಎಂದುಕೊಂಡ ರೇವಪ್ಪ. ಹೇಡಿ. ಇದಕ್ಕೆ ಬೇರೆ ಹೆಸರಿಲ್ಲ.

ಶಿವವ್ವ ಹೆತ್ತ ಎಂಟನೆಯ ದಿನ ನಡುಮಧ್ಯಾಹ್ನ ಅವಳ ಬಾಣಂತಿ ಕೋಣೆಗೆ ಬೆಂಕಿ ಬಿತ್ತು. ಗೋಡೆ ಒಡೆದು ಒಳಗೆ ಹೋಗುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ.

ಮಗಳನ್ನೂ ಮೊಮ್ಮಗಳನ್ನೂ ಒಂದೇ ಕುಣಿಯಲ್ಲಿಟ್ಟು ಬಂದ ಮರುದಿನ ಜಕ್ಕಪ್ಪ ರೇವಪ್ಪನ ಕಟ್ಟೆಗೆ ಬಂದು ಕುಳಿತ.

"ಕೆಂಡ ಸಿಡಿದಿರಬೇಕು ಕಾಕಾ. ನಿಮ್ಮ ಅನಸವ್ವ ಛಲೋ ಅದಾಳಲ್ಲ, ಅಷ್ಟ ಸಾಕು. ದೇವರು ಒಂದ ಮನಿಯರ ಉಳಸಿದ."

ಒಳಗೆ ಮೊಮ್ಮಗ ಅಳುತ್ತಿದ್ದ. ರೇವಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ದೇವರಲ್ಲೋ ಜಕ್ಕಪ್ಪ. ಮಣ್ಣಾಗಿನ ಎಣ್ಣಿ ಕೆಂಡಕ್ಕ ತೊಟ್ಟಿಕ್ಕತೈತಿ. ನನಗ ಗೊತ್ತಿತ್ತು."

ಹೊಡೆಯಲಿ ಎಂದು ತಲೆ ತಗ್ಗಿಸಿ ಕುಳಿತ. ಜಕ್ಕಪ್ಪ ಹೊಡೆಯಲಿಲ್ಲ. ಎದ್ದು, ಗೋಡೆಗೆ ಆನಿಸಿದ್ದ ಸಲಿಕೆ ಕೈಗೆ ತೆಗೆದುಕೊಂಡ.

"ಇನ್ನ ಯಾರ್ಯಾರ ಮಾಳಗಿ ಮ್ಯಾಲ ಐತಿ, ಹೇಳು."

ರೇವಪ್ಪ ಒಂದೊಂದೇ ಹೆಸರು ಹೇಳಿದ. ಮೂರನೆಯ ಮನೆಯಲ್ಲೂ ಬಾಣಂತಿ ಇದ್ದಳು.