ಹೊಸ ಪ್ರಜೆ

"ಪ್ರಮಾಣ ಮಾಡ್ತೀರೋ, ಮಾತು ಕೊಡ್ತೀರೋ?" ಪೌರತ್ವದ ಕಚೇರಿಯ ಗುಮಾಸ್ತೆ ತಲೆಯೆತ್ತದೆ ಕೇಳಿದಳು.

"ವ್ಯತ್ಯಾಸ?"

"ಪ್ರಮಾಣ ಅಂದ್ರೆ ದೇವರು ಬರ್ತಾನೆ. ಮಾತು ಅಂದ್ರೆ ಬರಲ್ಲ. ರಾಜ ಎರಡರಲ್ಲೂ ಇರ್ತಾನೆ."

ತಮಾಷೆಯೋ ಏನೋ ಸ್ಮರಾಂದಾಗೆ ತಿಳಿಯಲಿಲ್ಲ. ರೊಮೇನಿಯಾದ ಬಕಾವು ಊರಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು ಸ್ಪೇನಿಗೆ ಬಂದು, ಮುದುಕರ ಮೈ ತೊಳೆಯುತ್ತ ಹದಿನೈದು ವರ್ಷ ಕಳೆದಿದ್ದಳು. ಈ ದೇಶದವಳಾಗಲು ಇದೊಂದೇ ಬಾಕಿ: ರಾಜನಿಗೆ ನಿಷ್ಠಳಾಗಿರುತ್ತೇನೆ, ಸಂವಿಧಾನಕ್ಕೆ ವಿಧೇಯಳಾಗಿರುತ್ತೇನೆ ಎನ್ನಬೇಕು.

"ಮಾತು ಕೊಡ್ತೀನಿ" ಎಂದಳು.

ದನಿ ತಗ್ಗಿಸಿ ಹೇಳಿದಳು. ಹುಡುಗಿಯಾಗಿದ್ದಾಗ, ಕಮ್ಯುನಿಸ್ಟರ ಆಳ್ವಿಕೆಯಲ್ಲಿ, ಶಾಲೆಯ ಅಂಗಳದಲ್ಲಿ, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಸಿಕೊಂಡು, ನಾಯಕನ ಚಿತ್ರದೆದುರು ಇಂಥದೇ ಮಾತು ಕೊಟ್ಟಿದ್ದಳು. ಆಗ ದನಿ ತಗ್ಗಿಸಿರಲಿಲ್ಲ, ಕಿರುಚಿದ್ದಳು. ಚಿತ್ರದಲ್ಲಿದ್ದವನನ್ನು ಕೆಲವು ವರ್ಷಗಳಲ್ಲೇ ದಂಗೆಯೆದ್ದವರು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು.

"ಕೇಳಿಸ್ಲಿಲ್ಲ ಸೆನ್ಯೋರಾ. ಸ್ವಲ್ಪ ಜೋರಾಗಿ."

ಜೋರಾಗಿ ಹೇಳಿದಳು. ಪಕ್ಕದ ಮೇಜಿನವನು ತಿರುಗಿ ನೋಡಿದ.

"ಆಯ್ತು. ಮುಂದಿನವರು ಬನ್ನಿ."

ಹೊರಗೆ ಮಗಳು ಇಲಿಂಕಾ ಮೊಬೈಲಿನಿಂದ ಕಣ್ಣು ಕೀಳದೆ, ಸ್ಪ್ಯಾನಿಷ್‌ನಲ್ಲೇ ಕೇಳಿದಳು: "ಮುಗೀತಾ? ಇನ್ನಾದ್ರೂ ಈ ದೇಶದೋರನ್ನ 'ಇವರು, ಇವರು' ಅನ್ನೋದು ಬಿಡಮ್ಮ."

"ಮತ್ತೇನನ್ಲಿ?"

"'ನಾವು' ಅನ್ನು."

ಬಸ್ಸಿನಲ್ಲಿ ಕೂತು ಸ್ಮರಾಂದಾ ತುಟಿಯಲ್ಲೇ 'ನಾವು' ಎಂದು ನೋಡಿದಳು. ಹೊಸ ಹಲ್ಲುಸೆಟ್ಟಿನ ಹಾಗೆ ಅದು ಬಾಯಲ್ಲಿ ಕೂರಲಿಲ್ಲ.

ಕೆಲಸದ ಮನೆಯಲ್ಲಿ ದೋನ್ ಎವಾರಿಸ್ತೊ ಊಟಕ್ಕೆ ಕಾಯುತ್ತಿದ್ದ. ತೊಂಬತ್ತರ ಹತ್ತಿರದ ಈ ಮುದುಕನಿಗೆ ಅವಳೇ ಉಣಿಸಬೇಕು. ಅವನ ಅಪ್ಪ ಅಂತರ್ಯುದ್ಧದಲ್ಲಿ, ರಾಜನಿಲ್ಲದ ಗಣರಾಜ್ಯದ ಪರ ಕಾದಾಡಿ ಜೈಲಿನಲ್ಲಿ ಸತ್ತವನು.

"ಬಂದಳಪ್ಪ ರಾಜನ ಹೊಸ ಪ್ರಜೆ! ಬಗ್ಗಿದ್ಯಾ? ಸೊಂಟ ಹಿಡ್ಕೊಳ್ಳಲಿಲ್ವಾ?"

"ಬಾಯಿ ತೆಗೀರಿ."

"ನಾನು ಹುಟ್ಟಿದಾಗಿಂದ ತಲೆ ಬಾಗಿಸಿಲ್ಲ. ನೀನು ಅಷ್ಟು ದೂರದಿಂದ ಬಸ್ಸು ಹತ್ತಿ ಬಂದು, ಬೇಡ್ಕೊಂಡು ಬಾಗಿಸಿದೆಯಲ್ಲೇ!"

ಚಮಚ ಗಾಳಿಯಲ್ಲೇ ನಿಂತಿತು. "ತಲೆ ಬಾಗಿಸದೇ ಇರೋಕೂ ಇಲ್ಲೇ ಹುಟ್ಟಿರ್ಬೇಕು, ದೋನ್ ಎವಾರಿಸ್ತೊ. ನಿಮಗದು ಪುಕ್ಕಟೆ ಸಿಕ್ತು."

ಮುದುಕ ದವಡೆ ಅಲುಗಿಸಿದ. ಕಿಟಕಿಯತ್ತ ನೋಡಿದ. "ಸೂಪಿಗೆ ಉಪ್ಪಿಲ್ಲ" ಎಂದ.

ಉಪ್ಪು ಬೇಡವೆಂದು ಡಾಕ್ಟರು ಹೇಳಿದ್ದರು. ಅವಳು ಹಾಕಿದಳು. ಒಂದು ಚಿಟಿಕೆ, ಮತ್ತೊಂದು.

ಸಂಜೆ ಮನೆಗೆ ಹೊರಟಾಗ ಬಡಾವಣೆಯ ಹಬ್ಬದ ಮೆರವಣಿಗೆ ಚೌಕದಲ್ಲಿ ದಣಿವಾರಿಸಿಕೊಳ್ಳುತ್ತಿತ್ತು. ಒಳಗೊಬ್ಬ ಹೊಕ್ಕು ಹೊತ್ತು ಕುಣಿಸುವ, ಎರಡಾಳೆತ್ತರದ ರಾಜ, ರಾಣಿಯ ಬೊಂಬೆಗಳನ್ನು ಕೆಳಗಿಳಿಸಿ ನಿಲ್ಲಿಸಿದ್ದರು. ರಾಜನ ನಿಲುವಂಗಿಯ ಅಡಿಯಿಂದ ಬೆವರುತ್ತ ಹೊರಬಂದ ಗಂಡಸು ಸೆಖೆಯನ್ನು ಬೈದದ್ದು ಅವಳ ಭಾಷೆಯಲ್ಲಿ. ಅವಳು ನಕ್ಕುಬಿಟ್ಟಳು.

"ನಮ್ಮೋರಾ?" ಅವನ ಮುಖ ಅರಳಿತು. "ಅಕ್ಕಾ, ಒಂದು ನಿಮಿಷ ಒಳಗೆ ಹೋಗಿ ಹಿಡ್ಕೋ. ಗಾಳಿಗೆ ಬಿದ್ರೆ ನನ್ನ ಸಿಗಿದು ಹಾಕ್ತಾರೆ. ನೀರು ಕುಡಿದು ಬಂದೆ."

ಉತ್ತರಕ್ಕೂ ಕಾಯದೆ ಹೋದ. ಗಾಳಿ ಬೀಸಿ ರಾಜ ವಾಲಿದ. ಸ್ಮರಾಂದಾ ಬಟ್ಟೆಯೊಳಗೆ ನುಸುಳಿ ಚೌಕಟ್ಟಿಗೆ ಭುಜ ಕೊಟ್ಟಳು.

ಒಳಗೆ ಏನೂ ಇರಲಿಲ್ಲ. ನಾಲ್ಕು ಮರದ ಪಟ್ಟಿ, ಯಾರದೋ ಬೆವರಿನ ವಾಸನೆ. ರಾಜನ ಹೊಟ್ಟೆಯಲ್ಲಿ ಬೆರಳಗಲದ ಸೀಳು. ಬಗ್ಗಿ ನಿಂತವಳಿಗೆ ಅದರಲ್ಲಿ ಜನರ ಅಂಗಿ, ಗುಂಡಿಗಳಷ್ಟೇ ಕಾಣುತ್ತಿದ್ದವು, ಮುಖಗಳಲ್ಲ.

ಅವನು ಬರಲಿಲ್ಲ. ವಾದ್ಯ ಶುರುವಾಯಿತು.

"ಕುಣಿಸ್ರೋ ರಾಜನ್ನ!" ಯಾರೋ ಕೂಗಿದರು.

"ನಾನಲ್ಲ" ಎಂದಳು. ಯಾವ ಭಾಷೆಯಲ್ಲಿ ಎಂದಳೋ ಅವಳಿಗೇ ತಿಳಿಯಲಿಲ್ಲ. ಮತ್ತೆ ಗಾಳಿ ದೂಡಿತು. ಬೀಳದಿರಲೆಂದು ಚೌಕಟ್ಟನ್ನು ಹೊತ್ತುಕೊಂಡೇ ಒಂದು ಹೆಜ್ಜೆ ಎಡಕ್ಕಿಟ್ಟಳು, ಒಂದು ಬಲಕ್ಕೆ.

ಹೊರಗೆ ಚಪ್ಪಾಳೆ ಬಿತ್ತು.