ಒಂದು ಲೀಟರಿನ ತೂಕ

ನನ್ನ ಅಮ್ಮನನ್ನು ಕಳ್ಳಿ ಅಂದರು. ಹಾಸ್ಟೆಲಿನ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಒಲೆಯ ಮುಂದೆ ಬೆಂದವಳನ್ನು! ಹದಿನೈದು ಕೇಜಿ ಡಬ್ಬಿಯಲ್ಲಿ ಐದು ಬಳಸಿದ ಮೇಲೆ ಹತ್ತು ಕೇಜಿ ಎಣ್ಣೆ ಉಳಿಯಬೇಕಿತ್ತು, ಮ್ಯಾನೇಜರ್ ತೂಗಿದಾಗ ಎಂಟೂವರೆ ಚಿಲ್ಲರೆ ಇತ್ತಂತೆ. ಅದೇ ಸಂಜೆ ಗೇಟಿನಲ್ಲಿ ಅವಳ ಚೀಲದಲ್ಲಿ ಎಣ್ಣೆ ಅಂಟಿದ ಖಾಲಿ ಬಾಟಲಿ ಸಿಕ್ಕಿತು. ಮನೆಗೆ ಕಳಿಸಿಬಿಟ್ಟರು.

ಮೂರನೇ ದಿನ ಅವಳ ಕೈಹಿಡಿದು ಮ್ಯಾನೇಜರ್ ಬಳಿಗೆ ಎಳೆದುಕೊಂಡೇ ಹೋದೆ. ಉಗ್ರಾಣದ ಡಬ್ಬಿ ನೋಡಿದೊಡನೆ ಮೈ ಉರಿಯಿತು. ನಾನು ಎಣ್ಣೆ ಮಿಲ್ಲಿನಲ್ಲಿ ಡಬ್ಬಿ ತುಂಬುವವನು. ತಳದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ ಬರೆದಿತ್ತು: ಹದಿನೈದು ಲೀಟರ್.

"ಡಬ್ಬಿ ಬದಲಾಗಿದೆ ಸಾರ್. ಮೊದ್ಲು ಕೇಜಿ ಲೆಕ್ಕದಲ್ಲಿ ಬರ್ತಿತ್ತು, ಈಗ ಲೀಟರು."

"ಎರಡೂ ಒಂದೇ ಅಲ್ವೇನಯ್ಯಾ? ಯಾವ ಸ್ಕೂಲಲ್ಲಿ ಓದಿದ್ದೆ ನೀನು?"

"ಏಳನೇ ಕ್ಲಾಸಿಗೇ ಬಿಟ್ಟೆ. ಅದಕ್ಕೇ ತೂಗಿ ನೋಡೋಣ ಅಂತಿದೀನಿ."

ಲೀಟರಿನ ಜಗ್ಗನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿದೆ. ಗೆರೆಯವರೆಗೆ ನೀರು ತುಂಬಿದೆ: ಸಾವಿರ ಗ್ರಾಂ. ನೀರು ಚೆಲ್ಲಿ, ಜಗ್ಗನ್ನು ಒರೆಸಿ, ಅದೇ ಗೆರೆಗೆ ಎಣ್ಣೆ ಹಾಕಿದೆ: ಒಂಬೈನೂರ ಹತ್ತು.

ಮ್ಯಾನೇಜರ್ ತಕ್ಕಡಿಯನ್ನು ತಟ್ಟಿ ನೋಡಿದ. ಅಂಕಿ ಕದಲಲಿಲ್ಲ.

"ಲೀಟರಿಗೆ ತೊಂಬತ್ತು ಗ್ರಾಂ ಕಮ್ಮಿ. ಹದಿನೈದು ಲೀಟರಿಗೆ ಒಂದು ಕೇಜಿ ಮುನ್ನೂರೈವತ್ತು ಗ್ರಾಂ. ನೀವು ಹುಡುಕ್ತಿರೋ ಎಣ್ಣೆ ಡಬ್ಬಿಗೆ ಬಂದೇ ಇಲ್ಲ!"

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಕೊಸರಿದ. "ಸರಿ, ಬಾಟಲಿ? ಅದೂ ಲೀಟರಿನ ತಪ್ಪಾ?"

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗಿನ ಅಂಚು ತಿರುವುತ್ತಾ ನಿಂತಿದ್ದಳು.

"ಎರಡು ತಿಂಗಳಿಂದ ಮನೆಯಿಂದ ಎಣ್ಣೆ ತರ್ತಿದ್ದೆ," ಅಂದಳು ಮೆಲ್ಲಗೆ. "ಡಬ್ಬಿ ಎಣ್ಣೆ ಮೊದಲಿನ ಹಾಗೆ ಸಾಲ್ತಿರಲಿಲ್ಲ. ವಯಸ್ಸಾಯ್ತು, ನನ್ನ ಕೈ ಅಳತೆಯೇ ತಪ್ತಿದೆ ಅಂದ್ಕೊಂಡೆ. ಹೇಳಿದ್ರೆ ತೆಗೆದುಹಾಕ್ತೀರಿ ಅಂತ..."

ಎರಡು ತಿಂಗಳು! ಮನೆಯಲ್ಲಿ ಒಗ್ಗರಣೆಗೆ ಗತಿಯಿಲ್ಲದೆ ಒಣಗಿದ್ದನ್ನೇ ತಿಂದೆವು, ಇವರ ಡಬ್ಬಿ ತುಂಬಲು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ. ಒಂದು ಹಾಳೆಯಲ್ಲಿ ಏನೋ ಗೀಚಿ ಅವಳ ಮುಂದೆ ತಳ್ಳಿದ. "ಹೊರಗಿನ ಎಣ್ಣೆ ಅಡುಗೆಮನೆಗೆ ತರೋದು ನಿಯಮಕ್ಕೆ ವಿರುದ್ಧ. ತಪ್ಪಾಯ್ತು ಅಂತ ಸಹಿ ಹಾಕಮ್ಮ. ನಾಳೆಯಿಂದ ಕೆಲಸಕ್ಕೆ ಬಾ."

ನಾನು ಆ ಹಾಳೆಯನ್ನು ಕಿತ್ತು ಚಿಂದಿ ಮಾಡಿ ಅವನ ಮೇಜಿನ ಮೇಲೆ ಎಸೆದೆ. "ತಪ್ಪು ಯಾರದ್ರೀ? ನಡಿಯಮ್ಮ!"

ಅಮ್ಮ ನಡೆಯಲಿಲ್ಲ. ಚೂರುಗಳನ್ನೆಲ್ಲ ಬಳಿದು ಮುಷ್ಟಿಯಲ್ಲಿ ಹಿಡಿದುಕೊಂಡಳು. ನನ್ನ ಕಡೆ ತಿರುಗಲೂ ಇಲ್ಲ.

"ಹುಡುಗನ ಮಾತಿಗೆ ಬೇಜಾರಾಗ್ಬೇಡಿ ಸಾರ್," ಅಂದಳು. "ಇನ್ನೊಂದು ಹಾಳೆ ಕೊಡಿ."